ಹೊರದೇಶದಲ್ಲಿ ಬಿಸಿನೆಸ್: ಅಲ್ಲಿನ ಪಾಲುದಾರ ಬೇಕೇ ಬೇಕಾ?

ದುಬೈನಲ್ಲಿ ಒಂದು ದರ್ಶಿನಿ ತೆರೆಯೋಣ ಅಂತ ಬೆಂಗಳೂರಿನ ಹೋಟೆಲಿನವರು ಮಾತೆತ್ತಿದರೆ ಸಾಕು, ಎದುರಿಗಿದ್ದವರಲ್ಲಿ ಒಬ್ಬರಾದರೂ ಹೇಳುತ್ತಾರೆ: 'ಅಲ್ಲಿಯವನಿಗೆ ಐವತ್ತೊಂದು ಪರ್ಸೆಂಟ್ ಬರೆದುಕೊಡಬೇಕು ಕಣ್ರೀ, ಸುಮ್ನೆ ಯಾಕೆ?' ಈ ಮಾತು ಹಿಂದೆ ನಿಜವಾಗಿತ್ತು. ಈಗ ಬಹುಪಾಲು ವ್ಯಾಪಾರಗಳಿಗೆ ನಿಜವಲ್ಲ. ಯುಎಇ ಸರ್ಕಾರ 2020ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದಿತು. 2021ರ ಜೂನ್ 1ರಿಂದ ಫ್ರೀ ಝೋನ್‌ನ (ಪಾಲುದಾರನಿಲ್ಲದೆ ಕಂಪನಿ ತೆರೆಯಲು ಬಿಟ್ಟ ವಿಶೇಷ ವಲಯ) ಹೊರಗೂ ಹೆಚ್ಚಿನ ವಹಿವಾಟುಗಳಲ್ಲಿ ಹೊರದೇಶದವರು ನೂರಕ್ಕೆ ನೂರು ಪಾಲು ಇಟ್ಟುಕೊಳ್ಳಬಹುದು. ಆದರೂ ಹಳೇ ಲೆಕ್ಕ ನಂಬಿ ಪಾಲು ಬಿಟ್ಟುಕೊಡುವವರು ಇದ್ದಾರೆ. ಬಿಟ್ಟುಕೊಡಿಸಿ ಕಮಿಷನ್ ಎಣಿಸುವ ಏಜೆಂಟರೂ ಇದ್ದಾರೆ.

ಇದಕ್ಕೆ ಉಲ್ಟಾ ತಪ್ಪೂ ನಡೆಯುತ್ತದೆ. ಬ್ಯಾಂಕಾಕ್‌ನಲ್ಲಿ ಹೋಟೆಲ್ ಹಾಕಲು ಹೊರಟವರು 'ದುಡ್ಡು ನಮ್ಮದು, ಹೆಸರೂ ನಮ್ಮದೇ ಇರಲಿ' ಅಂದುಕೊಳ್ಳುತ್ತಾರೆ. ಥಾಯ್ಲೆಂಡ್‌ನ 1999ರ ವಿದೇಶಿ ವ್ಯವಹಾರ ಕಾಯ್ದೆ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಹೊರಗಿನವರದ್ದಾದರೆ ಅದು ವಿದೇಶಿ ಕಂಪನಿ. ಅಂಥ ಕಂಪನಿ ವಿಶೇಷ ಲೈಸೆನ್ಸ್ ಇಲ್ಲದೆ ಊಟ-ತಿಂಡಿ ಮಾರುವಂತಿಲ್ಲ. ಹಾಗಾಗಿ ಮೊದಲ ಕೆಲಸ ಪಾಲುದಾರನನ್ನು ಹುಡುಕುವುದಲ್ಲ. ಪಾಲುದಾರ ಬೇಕಾ ಅಂತ ತಿಳಿದುಕೊಳ್ಳುವುದು.

ಇದೇನು ಪರದೇಶದವರ ಕುತಂತ್ರ ಅಂತ ಬೈಯಬೇಡಿ. ನಮ್ಮಲ್ಲೂ ಇದೆ. ನಿಮ್ಮ ಕೈಯಲ್ಲಿರುವಂಥ ಸುದ್ದಿಪತ್ರಿಕೆಯನ್ನು ಹೊರತರುವ ಕಂಪನಿಯಲ್ಲಿ ವಿದೇಶಿ ಹೂಡಿಕೆ ಶೇ 26 ದಾಟುವಂತಿಲ್ಲ. ಹಲವು ಬ್ರಾಂಡ್‌ಗಳ ಮಾಲು ಮಾರುವ ಚಿಲ್ಲರೆ ಮಳಿಗೆಗಳಿಗೆ ಮಿತಿ ಶೇ 51.

1. ಮೊದಲು ಕಸುಬು, ಆಮೇಲೆ ದೇಶ

'ದುಬೈನಲ್ಲಿ ಪಾಲುದಾರ ಬೇಕಾ?' ಅನ್ನುವ ಪ್ರಶ್ನೆಗೆ ಉತ್ತರವಿಲ್ಲ. 'ದುಬೈನಲ್ಲಿ ಈ ಕೆಲಸಕ್ಕೆ ಪಾಲುದಾರ ಬೇಕಾ?' ಅಂತ ಕೇಳಿದರೆ ಉತ್ತರ ಸಿಗುತ್ತದೆ. ಅಲ್ಲಿ ಲೈಸೆನ್ಸ್ ಕೊಡುವುದೇ ವಹಿವಾಟಿನ ಪಟ್ಟಿ ನೋಡಿ. ರೆಸ್ಟೋರೆಂಟ್ ಬೇರೆ, ಕೆಫೆಟೇರಿಯ ಬೇರೆ, ಕೇಟರಿಂಗ್ ಬೇರೆ. ಪೂರ್ತಿ ವಿದೇಶಿ ಒಡೆತನಕ್ಕೆ ತೆರೆದ ಸಾವಿರಕ್ಕೂ ಹೆಚ್ಚು ವಹಿವಾಟುಗಳ ಪಟ್ಟಿ ದುಬೈನಲ್ಲಿದೆ. ಬ್ಯಾಂಕು, ವಿಮೆ, ಟೆಲಿಕಾಂ, ರಕ್ಷಣೆ, ಹಜ್-ಉಮ್ರಾ ಸೇವೆಯಂಥವನ್ನು ಮಾತ್ರ ಸರ್ಕಾರ ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಅವಕ್ಕೆ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಬೇಕು, ಪಾಲು ಎಷ್ಟು ಅನ್ನುವುದನ್ನೂ ಅವರೇ ಹೇಳುತ್ತಾರೆ.

ಥಾಯ್ಲೆಂಡ್‌ನಲ್ಲೂ ಹೀಗೇ. ಹೋಟೆಲಿಗೆ ಕಟ್ಟುಪಾಡಿದೆ, ಆದರೆ ಹೆಚ್ಚಿನ ಕಾರ್ಖಾನೆ ಉತ್ಪಾದನೆಗೆ ಇಲ್ಲ. ಪೀಣ್ಯದ ಬಿಡಿಭಾಗ ತಯಾರಕರು ಅಲ್ಲಿ ಸಲೀಸಾಗಿ ಒಳಗೆ ಹೋಗಬಹುದು, ಜಯನಗರದ ಹೋಟೆಲಿನವರಿಗೆ ಬಾಗಿಲು ಅರ್ಧವೇ ತೆರೆಯುತ್ತದೆ.

ಫ್ರೀ ಝೋನ್ ಬಗ್ಗೆ ಒಂದು ಮಾತು. ದುಬೈನ ಜೆಬೆಲ್ ಅಲಿಯಲ್ಲಿ 1985ರಿಂದಲೂ ಫ್ರೀ ಝೋನ್ ಇದೆ, ಅಲ್ಲಿ ಪಾಲುದಾರನ ಗೊಡವೆ ಇಲ್ಲ. ಆದರೆ ಫ್ರೀ ಝೋನ್ ಕಂಪನಿ ಊರೊಳಗೆ ನೇರವಾಗಿ ವ್ಯಾಪಾರ ಮಾಡಬೇಕಾದರೆ ಬೇರೆ ಅನುಮತಿ ಬೇಕು. ರಫ್ತು ವ್ಯಾಪಾರಿಗೆ ಫ್ರೀ ಝೋನ್ ಚೆಂದ. ದುಬೈ ಊರೊಳಗಿನ ಕರಾಮಾದಲ್ಲಿ ಇಡ್ಲಿ ಮಾರುವವರಿಗೆ ಉಪಯೋಗ ಕಡಿಮೆ, ಗಿರಾಕಿಗಳೆಲ್ಲ ಇರುವುದು ಊರೊಳಗೆ ಅಲ್ವಾ?

2. ಕಾನೂನು ಕೇಳುವುದು ಏನನ್ನು: ಪಾಲನ್ನಾ, ಆಳನ್ನಾ, ದುಡ್ಡನ್ನಾ?

ಎಲ್ಲ ದೇಶವೂ ಪಾಲನ್ನೇ ಕೇಳುವುದಿಲ್ಲ. ಸಿಂಗಪುರ ಶೇ 100 ಒಡೆತನ ಕೊಡುತ್ತದೆ. ಆದರೆ ಕಂಪನಿಯ ಒಬ್ಬ ನಿರ್ದೇಶಕರಾದರೂ ಸಿಂಗಪುರದಲ್ಲೇ ವಾಸ ಇರಬೇಕು, ಆರು ತಿಂಗಳೊಳಗೆ ಕಂಪನಿ ಸೆಕ್ರೆಟರಿಯನ್ನು ನೇಮಿಸಬೇಕು. ಆಸ್ಟ್ರೇಲಿಯಾದ ಪ್ರೈವೇಟ್ ಕಂಪನಿಗೂ ಅಲ್ಲೇ ನೆಲೆಸಿದ ನಿರ್ದೇಶಕರು ಒಬ್ಬರು ಬೇಕು. ಕೋರಮಂಗಲ, ಎಚ್‌ಎಸ್‌ಆರ್ ಕಡೆಯ ಸಾಫ್ಟ್‌ವೇರ್ ಹುಡುಗರು ಇದನ್ನು 'ಪಾರ್ಟ್ನರ್ ಬೇಕಂತೆ' ಅಂತ ತಪ್ಪು ತಿಳಿದು, ಯಾರಿಗೋ ಶೇ 10 ಷೇರು ಕೊಟ್ಟುಬಿಡುವುದುಂಟು. ಬೇಕಿರುವುದು ನಿರ್ದೇಶಕರ ಕುರ್ಚಿಯಲ್ಲಿ ಕೂರುವ ಒಬ್ಬರು. ಅವರಿಗೆ ಸಂಬಳ ಕೊಟ್ಟರೆ ಸಾಕು, ಷೇರು ಕೊಡಬೇಕಿಲ್ಲ.

ಘಾನಾ ಇನ್ನೊಂದು ಬಗೆ. ಅದರ 2013ರ ಹೂಡಿಕೆ ಕಾಯ್ದೆ ದುಡ್ಡಿನ ಮಾತಾಡುತ್ತದೆ. ಘಾನಾದವರಿಗೆ ಕನಿಷ್ಠ ಶೇ 10 ಪಾಲು ಕೊಟ್ಟರೆ ನೀವು ತರಬೇಕಾದ ಬಂಡವಾಳ 2 ಲಕ್ಷ ಡಾಲರ್. ಪೂರ್ತಿ ನಿಮ್ಮದೇ ಆದರೆ 5 ಲಕ್ಷ. ಬರೀ ಕೊಳ್ಳುವ-ಮಾರುವ ವ್ಯಾಪಾರವಾದರೆ 10 ಲಕ್ಷ ಡಾಲರ್, ಜೊತೆಗೆ ಅಲ್ಲಿನ 20 ಜನಕ್ಕೆ ಕೆಲಸ. ಅಲ್ಲಿ ಹೋಟೆಲ್ ಹಾಕಲು ಹೋಗುವವರು ಕೂತು ಲೆಕ್ಕ ಹಾಕಬೇಕು. ಶೇ 10 ಪಾಲಿನ ಬೆಲೆ ಜಾಸ್ತಿಯಾ, 3 ಲಕ್ಷ ಡಾಲರ್ ಹೆಚ್ಚಿಗೆ ಕಟ್ಟಿಹಾಕುವುದು ಜಾಸ್ತಿಯಾ? ಇಂಥ ಮೊತ್ತಗಳು ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಆ ದೇಶದ ಹೂಡಿಕೆ ಮಂಡಳಿಯಿಂದಲೇ ಖಚಿತ ಮಾಡಿಕೊಳ್ಳಿ.

ಓಮನ್ 2020ರಿಂದ ಪೂರ್ತಿ ಒಡೆತನಕ್ಕೆ ಅವಕಾಶ ಕೊಟ್ಟಿದೆ, ಆದರೆ ಅಲ್ಲಿನವರಿಗೇ ಮೀಸಲಿಟ್ಟ ಕಸುಬುಗಳ ಪಟ್ಟಿ ಇದೆ. ಕತಾರ್‌ನಲ್ಲಿ 2019ರ ಕಾಯ್ದೆಯಡಿ ಸಚಿವಾಲಯದ ಒಪ್ಪಿಗೆ ಪಡೆದರೆ ಶೇ 49ರ ಮಿತಿ ದಾಟಬಹುದು.

3. ಹೆಸರಿಗೊಬ್ಬ ಪಾಲುದಾರ ಬೇಡ

ಗಲ್ಫ್‌ನಲ್ಲಿ ದುಡಿದ ನಮ್ಮ ಕರಾವಳಿಯವರಿಗೆ ಈ ಪದ್ಧತಿ ಚೆನ್ನಾಗಿ ಗೊತ್ತು. ನೋಟರಿ ಮುಂದೆ ಒಂದು ಪತ್ರ: ಶೇ 51 ಸ್ಪಾನ್ಸರ್‌ದು (ಹೆಸರು ಕೊಡುವ ಅಲ್ಲಿನ ಪಾಲುದಾರ), ಶೇ 49 ನಿಮ್ಮದು. ಬೀರುವಿನಲ್ಲಿ ಇನ್ನೊಂದು ಪತ್ರ: ಲಾಭವೆಲ್ಲ ನಿಮ್ಮದು, ಸ್ಪಾನ್ಸರ್‌ಗೆ ವರ್ಷಕ್ಕಿಷ್ಟು ಫೀಸು. ಎಲ್ಲ ನೆಟ್ಟಗಿದ್ದಾಗ ಎರಡನೇ ಪತ್ರ ಬೇಕಾಗುವುದೇ ಇಲ್ಲ. ಜಗಳವಾದ ದಿನ ಅದನ್ನು ಹಿಡಿದು ಕೋರ್ಟಿಗೆ ಹೋದರೆ, ಕಾನೂನಿನ ಕಣ್ಣಿಗೆ ಮಣ್ಣೆರಚಲು ಬರೆದುಕೊಂಡ ಕಾಗದ ಅಂತ ಪಕ್ಕಕ್ಕಿಡುವ ಅಪಾಯ ಇದ್ದೇ ಇದೆ. ಸ್ಪಾನ್ಸರ್ ತೀರಿಕೊಂಡರೆ ಆ ಶೇ 51 ಅವರ ವಾರಸುದಾರರಿಗೆ ಹೋಗುತ್ತದೆ. ಬೀರುವಿನ ಪತ್ರದ ಬಗ್ಗೆ ಅವರಿಗೆ ಗೊತ್ತೇ ಇರದಿರಬಹುದು.

ಕಾನೂನು ಬದಲಾಯಿತಲ್ಲ, ಹಳೇ ಪಾಲು ತಾನಾಗಿ ವಾಪಸ್ ಬರುತ್ತದಾ ಅಂತ ಕೆಲವರು ಕೇಳುತ್ತಾರೆ. ಬರುವುದಿಲ್ಲ. ಸ್ಪಾನ್ಸರ್ ನೋಟರಿ ಮುಂದೆ ಸಹಿ ಹಾಕಿ ವರ್ಗಾಯಿಸಬೇಕು. ಸಹಿಗೆ ಎಷ್ಟು ಕೇಳಬೇಕು ಅನ್ನುವುದು ಅವರ ಮರ್ಜಿ. ದುಬೈನಲ್ಲಿ ನಡೆಯುತ್ತಿರುವ ಹಳೇ ಕಂಪನಿಯಲ್ಲಿ ನೀವು ದುಡ್ಡು ಹಾಕುತ್ತಿದ್ದರೆ, ಈ ಶೇ 51 ಈಗ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ.

ಥಾಯ್ಲೆಂಡ್ ಇನ್ನೂ ಕಟ್ಟುನಿಟ್ಟು. ಹೆಸರಿಗೆ ಮಾತ್ರ ಷೇರು ಹಿಡಿದ ಥಾಯ್ ಪ್ರಜೆಗೂ, ಹಿಡಿಸಿದ ವಿದೇಶಿಗೂ ಮೂರು ವರ್ಷದವರೆಗೆ ಜೈಲು, 1 ಲಕ್ಷದಿಂದ 10 ಲಕ್ಷ ಬಾತ್ ದಂಡ. ಸೌದಿಯಲ್ಲಿ 2020ರ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ ಹಾಕಬಹುದು. 'ಎಲ್ಲರೂ ಹಾಗೇ ಮಾಡ್ತಾರೆ' ಅನ್ನುವ ಏಜೆಂಟರು ಜೈಲಿಗೆ ಜೊತೆ ಬರುವುದಿಲ್ಲ.

4. ಪಾಲುದಾರ ಬೇಕೇ ಬೇಕಾದರೆ ಏನು ಬರೆಯಬೇಕು

ನಿಜವಾಗಿ ದುಡ್ಡು ಹಾಕುವ, ಇಲ್ಲವೇ ಕೆಲಸ ಮಾಡುವ ಪಾಲುದಾರರನ್ನು ಹುಡುಕಿ. ಅಲ್ಲಿನ ಕನ್ನಡ ಸಂಘದಲ್ಲಿ ನಾಲ್ಕು ಜನರನ್ನು ಕೇಳಿದರೆ ವಿಷಯ ಹೊರಬರುತ್ತದೆ. ಅವರ ಹಿಂದಿನ ಪಾಲುದಾರರು ಯಾರು, ಯಾಕೆ ಬಿಟ್ಟರು ಅನ್ನುವುದನ್ನು ಸಂಕೋಚ ಇಲ್ಲದೆ ಕೇಳಿ.

ಒಪ್ಪಂದದಲ್ಲಿ ಎಲ್ಲರ ಕಣ್ಣೂ ಶೇ 51, ಶೇ 49ರ ಮೇಲೇ ಇರುತ್ತದೆ. ನನ್ನ ಕೇಳಿದರೆ ಅದಕ್ಕಿಂತ ಮುಖ್ಯವಾದ ಸಂಖ್ಯೆ 26. ಬಹಳ ದೇಶಗಳ ಕಂಪನಿ ಕಾಯ್ದೆಯಲ್ಲಿ ಮೂಲ ನಿಯಮ ಬದಲಿಸುವಂಥ ದೊಡ್ಡ ತೀರ್ಮಾನಗಳಿಗೆ ಮುಕ್ಕಾಲು ಭಾಗ ಮತ ಬೇಕು, ನಮ್ಮ ಕಾಯ್ದೆಯಲ್ಲಿರುವಂತೆ. ಅಂದರೆ ಶೇ 26 ಇದ್ದವರೂ ಅವನ್ನು ತಡೆಯಬಹುದು, ಶೇ 49 ಇರುವ ನಿಮ್ಮನ್ನು ಬಿಟ್ಟು ಅವು ಪಾಸಾಗುವುದಿಲ್ಲ. ಈ ತಡೆಯುವ ಶಕ್ತಿಯನ್ನು ಒಪ್ಪಂದದಲ್ಲಿ ಇನ್ನಷ್ಟು ಹಿಗ್ಗಿಸಬಹುದು. ಸಾಲ ಎತ್ತುವುದು, ಹೊಸ ಷೇರು ಹೊರಡಿಸುವುದು, ಅಂಗಡಿ ಗುತ್ತಿಗೆ ಬದಲಿಸುವುದು, ಪಾಲುದಾರರ ನೆಂಟರ ಜೊತೆ ವ್ಯವಹಾರ ಮಾಡುವುದು: ಇವಕ್ಕೆ ಇಬ್ಬರ ಸಹಿಯೂ ಕಡ್ಡಾಯ ಅಂತ ಬರೆಸಿ.

ಆಮೇಲೆ ದಿನನಿತ್ಯದ ಹಿಡಿತ. ದುಬೈನ ಟ್ರೇಡ್ ಲೈಸೆನ್ಸ್ ಹಾಳೆಯಲ್ಲಿ ಪಾಲುದಾರರ ಜೊತೆ ಮ್ಯಾನೇಜರ್ ಹೆಸರೂ ಅಚ್ಚಾಗಿರುತ್ತದೆ. ಬ್ಯಾಂಕು, ಕಟ್ಟಡದ ಮಾಲೀಕ, ವೀಸಾ ಕಚೇರಿ ಎಲ್ಲರೂ ಕೇಳುವುದು ಆ ಹೆಸರನ್ನು. ಅಲ್ಲಿ ನಿಮ್ಮ ಹೆಸರೋ, ನಿಮ್ಮ ನಂಬಿಕಸ್ಥರ ಹೆಸರೋ ಇರಲಿ. ಚೆಕ್ ಸಹಿ ಯಾರದು ಅನ್ನುವುದೂ ಬರಹದಲ್ಲಿರಲಿ. ಪತ್ರ ಎರಡು ಭಾಷೆಯಲ್ಲಿರುತ್ತದೆ. ಎಡಗಡೆ ಇಂಗ್ಲಿಷ್, ಬಲಗಡೆ ಅರಬ್ಬಿ. ನೀವು ಓದುವುದು ಎಡಗಡೆ, ಅಲ್ಲಿನ ಕೋರ್ಟು ನಂಬುವುದು ಬಲಗಡೆ. ಏಜೆಂಟ್ ಕಳಿಸಿದ ಅನುವಾದಕರನ್ನು ಬಿಟ್ಟು, ಬೇರೊಬ್ಬರಿಂದ ಅರಬ್ಬಿ ಭಾಗ ಓದಿಸಿ.

ಬಿಟ್ಟುಹೋಗುವ ದಾರಿಯನ್ನು ಸೇರುವ ದಿನವೇ ಬರೆಯಬೇಕು. ನಮ್ಮಲ್ಲಿ ಇದನ್ನು ಅಪಶಕುನ ಅಂತ ನೋಡುತ್ತಾರೆ, ಮದುವೆ ಮಂಟಪದಲ್ಲಿ ಡಿವೋರ್ಸ್ ಮಾತಾಡಿದ ಹಾಗೆ. ಆದರೂ ಬರೆಸಿ. ಪಾಲಿನ ಬೆಲೆ ಕಟ್ಟುವುದು ಯಾರು, ಯಾವ ಲೆಕ್ಕದಲ್ಲಿ? ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಕೊಳ್ಳುವ ಮೊದಲ ಹಕ್ಕು ಇದೆಯಾ? ಕಾನೂನು ಸಡಿಲವಾಗಿ ಪಾಲುದಾರ ಬೇಡ ಅಂತಾದರೆ ಯಾವ ಬೆಲೆಗೆ ವಾಪಸ್? ಯುಎಇಯಲ್ಲಿ ಎಷ್ಟೋ ಒಪ್ಪಂದಗಳಲ್ಲಿ ಕೊನೆಯ ಸಾಲು ಇರಲಿಲ್ಲ. ಜಗಳವನ್ನು ಸಿಂಗಪುರದಲ್ಲೋ ದುಬೈನಲ್ಲೋ ಪಂಚಾಯ್ತಿಗೆ (ಆರ್ಬಿಟ್ರೇಷನ್) ಒಪ್ಪಿಸುವುದು ವಾಡಿಕೆ. ಅಂಥ ತೀರ್ಪಿಗೆ 1958ರ ನ್ಯೂಯಾರ್ಕ್ ಒಪ್ಪಂದದ ಬೆಂಬಲ ಇರುವುದರಿಂದ ಬೇರೆ ದೇಶದಲ್ಲೂ ಜಾರಿ ಮಾಡಿಸಬಹುದು.

5. ಬೋರ್ಡಿನ ಹೆಸರು ನಿಮ್ಮದಾಗಿರಲಿ

ಕಂಪನಿ ಇಬ್ಬರದು, ಆದರೆ ಹೋಟೆಲಿನ ಹೆಸರು ನಿಮ್ಮೊಬ್ಬರದೇ ಇರಬೇಕು. ಆ ದೇಶದಲ್ಲಿ ಟ್ರೇಡ್‌ಮಾರ್ಕ್ ಅನ್ನು ನಿಮ್ಮ ಬೆಂಗಳೂರಿನ ಕಂಪನಿಯ ಹೆಸರಲ್ಲಿ ನೋಂದಾಯಿಸಿ, ಅಲ್ಲಿನ ಕಂಪನಿಗೆ ಬಳಸಲು ಮಾತ್ರ ಅನುಮತಿ ಕೊಡಿ. ಭಾರತ 2013ರಲ್ಲಿ ಮ್ಯಾಡ್ರಿಡ್ ವ್ಯವಸ್ಥೆಗೆ ಸೇರಿತು, ಥಾಯ್ಲೆಂಡ್ 2017ರಲ್ಲಿ, ಯುಎಇ 2021ರ ಕೊನೆಯಲ್ಲಿ. ಇಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದರೆ ಅದರ ಆಧಾರದ ಮೇಲೆ ಇಲ್ಲಿಂದಲೇ ಆ ದೇಶಗಳಿಗೂ ಅರ್ಜಿ ಹಾಕಬಹುದು. ಪಾಲುದಾರರ ಜೊತೆ ಮಾತುಕತೆ ಶುರುವಾಗುವ ಮುಂಚೆಯೇ ಇದನ್ನು ಮುಗಿಸಿದರೆ ಒಳ್ಳೆಯದು.

6. ದುಡ್ಡು ಕಳಿಸುವ ಮುಂಚೆ ನಮ್ಮ ಕಡೆಯ ಕಾಗದ

ಹೊರದೇಶದ ಕಾನೂನಿನಲ್ಲೇ ಮುಳುಗಿ ಜನ ನಮ್ಮ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆಯನ್ನು ಮರೆಯುತ್ತಾರೆ. 2022ರ ಆಗಸ್ಟ್‌ನಿಂದ ಸಾಗರೋತ್ತರ ಹೂಡಿಕೆಗೆ ಹೊಸ ನಿಯಮಗಳಿವೆ. ಷೇರುಪೇಟೆಯಲ್ಲಿ ಇಲ್ಲದ ವಿದೇಶಿ ಕಂಪನಿಯಲ್ಲಿ ಒಂದೇ ಒಂದು ಷೇರು ತೆಗೆದುಕೊಂಡರೂ ಅದು ನೇರ ಹೂಡಿಕೆ. ಅಂದರೆ ಬ್ಯಾಂಕಿಗೆ ಎಫ್‌ಸಿ ಫಾರ್ಮ್ ಕೊಟ್ಟು, ರಿಸರ್ವ್ ಬ್ಯಾಂಕಿನಿಂದ ಗುರುತಿನ ಸಂಖ್ಯೆ ಪಡೆಯಬೇಕು. ನಿಮ್ಮ ಬಡಾವಣೆಯ ಬ್ರಾಂಚಿನಲ್ಲಿ ಈ ಫಾರ್ಮ್ ಬಗ್ಗೆ ಕೇಳಿದರೆ ಮುಖ ಮುಖ ನೋಡುವುದೇ ಜಾಸ್ತಿ. ವಿದೇಶಿ ವಿನಿಮಯ ವಿಭಾಗ ಇರುವ ದೊಡ್ಡ ಶಾಖೆಗೆ ಹೋಗಿ, ಆಡಿಟರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನೀವು ವ್ಯಕ್ತಿಯಾಗಿ ಹಾಕುವುದಾದರೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ 20 ಟಿಸಿಎಸ್ (ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಅದು ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಕಂಪನಿಯಿಂದ ಹಾಕಿದರೆ ಮಿತಿ ನಿವ್ವಳ ಆಸ್ತಿಯ ನಾಲ್ಕು ಪಟ್ಟು. ರಿಯಲ್ ಎಸ್ಟೇಟ್ ವ್ಯಾಪಾರ ಮತ್ತು ಜೂಜಿಗೆ ಈ ದಾರಿಯಲ್ಲಿ ಹಣ ಕಳಿಸುವಂತಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗಿದ್ದರೆ ಆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು.

7. ದೃಢೀಕರಣ

ಬೋರ್ಡ್ ನಿರ್ಣಯ, ಕಂಪನಿ ನೋಂದಣಿ ಪತ್ರ, ಮುಖ್ತ್ಯಾರ್ ನಾಮೆ: ಇವಕ್ಕೆಲ್ಲ ಮುದ್ರೆ ಮೇಲೆ ಮುದ್ರೆ ಬೀಳಬೇಕು. ಮೊದಲು ನೋಟರಿ, ಆಮೇಲೆ ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐನಂಥ ವಾಣಿಜ್ಯ ಸಂಸ್ಥೆ, ಆಮೇಲೆ ವಿದೇಶಾಂಗ ಸಚಿವಾಲಯ. ಸಚಿವಾಲಯದ ದೃಢೀಕರಣಕ್ಕೆ ದೆಹಲಿಗೆ ಓಡಬೇಕಿಲ್ಲ, ಬೆಂಗಳೂರಿನಲ್ಲೇ ವ್ಯವಸ್ಥೆ ಇದೆ. ಸಿಂಗಪುರ, ಓಮನ್, ಸೌದಿಗೆ ಸಚಿವಾಲಯವೇ ಹಾಕುವ ಅಪಾಸ್ಟಿಲ್ ಅನ್ನುವ ಮುದ್ರೆ ಸಾಕು. ಯುಎಇಗೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

8. ಪ್ರತಿ ವರ್ಷ

ಷೇರು ಪತ್ರದ ಪುರಾವೆಯನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಕೊಡಿ. ವಿದೇಶಿ ಕಂಪನಿಯ ವಾರ್ಷಿಕ ವರದಿ ಡಿಸೆಂಬರ್ 31ರೊಳಗೆ ಸಲ್ಲಬೇಕು. ತಡವಾದರೆ ಶುಲ್ಕ ಕಟ್ಟಬೇಕು, ಸರಿಪಡಿಸುವವರೆಗೆ ಮುಂದಿನ ಕಂತಿನ ಹಣ ಕಳಿಸುವಂತಿಲ್ಲ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಎಫ್‌ಎ ಪಟ್ಟಿಯನ್ನೂ ತುಂಬಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಲು ಅವಕಾಶ ಇದೆ. ಕಂಪನಿ ನಷ್ಟದಲ್ಲಿದ್ದರೂ, ಅಡುಗೆಮನೆಗೆ ಇನ್ನೂ ಗ್ಯಾಸ್ ಕನೆಕ್ಷನ್ ಬಂದಿರದಿದ್ದರೂ ಇವೆರಡನ್ನೂ ತುಂಬಲೇಬೇಕು.