ಪೊಂಗಲ್ ಹಬ್ಬಕ್ಕೆ ಮೊಟ್ಟೆಯಿಲ್ಲದ ಕೇಕ್: ಆರಿಸುವುದು ಹೇಗೆ?

ತೈ ತಿಂಗಳ ಮೊದಲ ದಿನ, ಅಂದರೆ ಜನವರಿ 14 ಅಥವಾ 15ರಂದು, ತಮಿಳುನಾಡಿನ ಮನೆಯಂಗಳಗಳಲ್ಲಿ ಅರಿಸಿನದ ಗಿಡ ಕಟ್ಟಿದ ಮಡಕೆಯಿಂದ ಹಾಲು ಉಕ್ಕಿ ಹೊರಚೆಲ್ಲುವಾಗ ಮನೆಮಂದಿಯೆಲ್ಲ ‘ಪೊಂಗಲೋ ಪೊಂಗಲ್’ ಎಂದು ಕೂಗುತ್ತಾರೆ. ಹೊಸ ಅಕ್ಕಿ, ಹೆಸರುಬೇಳೆ, ಬೆಲ್ಲ ಮತ್ತು ತುಪ್ಪದಿಂದಾದ ಸಕ್ಕರೈ ಪೊಂಗಲ್‌ ಈ ಹಬ್ಬದ ಸಿಹಿ. ಅದರ ಸ್ಥಾನವನ್ನು ಬೇರೆ ಯಾವ ತಿನಿಸೂ ತುಂಬಲಾರದು, ತುಂಬಲೂಬಾರದು. ಆದರೆ ಪೂಜೆ ಮುಗಿದ ಮೇಲೆ, ಸಂಜೆ ನೆಂಟರು ಸೇರಿದಾಗ, ಕಚೇರಿಯಲ್ಲಿ ಅಥವಾ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಹಬ್ಬ ಆಚರಿಸುವಾಗ, ಕೇಕ್ ಕತ್ತರಿಸುವ ರೂಢಿ ಚೆನ್ನೈ, ಕೊಯಮತ್ತೂರಿನಂತಹ ನಗರಗಳಲ್ಲಿ ಬೆಳೆದಿದೆ. ನಮ್ಮ ಸಂಕ್ರಾಂತಿಯೂ ಅದೇ ಹೊತ್ತಿಗೆ ಬರುವುದರಿಂದ, ಚೆನ್ನೈ, ಹೊಸೂರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ, ತಮಿಳು ನೆರೆಹೊರೆಯವರಿರುವ ಬೆಂಗಳೂರಿಗರಿಗೂ ಇಂಥದ್ದೊಂದು ಕೇಕ್ ಆರಿಸಿ ಒಯ್ಯುವ ಸಂದರ್ಭ ಒದಗುತ್ತದೆ. ಆಗ ನೆನಪಿಡಬೇಕಾದ ಮುಖ್ಯ ವಿಷಯವೆಂದರೆ, ‘ಎಗ್‌ಲೆಸ್’ ಎಂಬ ಮಾತು ಕೆಲವು ಸಲ ಕೇಕಿನ ಒಳಗಿನ ಸ್ಪಂಜಿಗೆ ಮಾತ್ರ ಅನ್ವಯಿಸಿರುತ್ತದೆ. ಆರಿಸುವವರು ಕೇಳಬೇಕಾದದ್ದು ಇಡೀ ಕೇಕಿನ ಬಗ್ಗೆ.

ಮೊದಲು ದಿನ ನಿಶ್ಚಯಿಸಿ

ಪೊಂಗಲ್ ನಾಲ್ಕು ದಿನಗಳ ಹಬ್ಬ. ಮಾರ್ಗಳಿ ತಿಂಗಳ ಕೊನೆಯ ದಿನ ಭೋಗಿ, ಮರುದಿನ ತೈ ಪೊಂಗಲ್, ಆಮೇಲೆ ದನಕರುಗಳನ್ನು ಪೂಜಿಸುವ ಮಾಟ್ಟು ಪೊಂಗಲ್, ಕೊನೆಗೆ ಬಂಧುಗಳನ್ನು ಕಂಡುಬರುವ ಕಾಣುಂ ಪೊಂಗಲ್. ಉಳಿದ ದಿನಗಳಲ್ಲಿ ಮೊಟ್ಟೆ, ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ತೈ ಪೊಂಗಲ್‌ ದಿನ ಮಾತ್ರ ಶುದ್ಧ ಸಸ್ಯಾಹಾರವೇ ನಡೆಯುತ್ತದೆ. ಮರುದಿನದಿಂದ ಮಾಂಸದಡುಗೆ ಮಾಡುವವರೂ ಇದ್ದಾರೆ. ಆದ್ದರಿಂದ ‘ಅವರು ಹೇಗೂ ಮೊಟ್ಟೆ ತಿನ್ನುತ್ತಾರಲ್ಲ’ ಎಂಬ ಊಹೆಯ ಮೇಲೆ ಕೇಕ್ ತರುವುದು ಸರಿಯಲ್ಲ. ಯಾವ ದಿನಕ್ಕೆ, ಯಾರ ಮನೆಗೆ ಎಂಬುದು ಖಚಿತವಾದರೆ ಅರ್ಧ ಆಯ್ಕೆ ಮುಗಿದಂತೆಯೇ.

ಬೇಕರಿಯ ಕೇಕನ್ನು ನೈವೇದ್ಯಕ್ಕೆ ಇಡುವುದು ಸಲ್ಲದು ಎಂಬುದು ಹೆಚ್ಚಿನ ಮನೆಗಳ ಭಾವನೆ. ಬೆಳಿಗ್ಗೆ ಮಡಕೆ ಉಕ್ಕಿ, ಸೂರ್ಯನಿಗೆ ಅರ್ಪಿಸಿ, ಎಲೆಯೂಟ ಮುಗಿದು, ಸಂಜೆ ಎಲ್ಲರೂ ಕೂತಾಗ ಕೇಕ್ ಹೊರತೆಗೆಯುವುದು ಒಳ್ಳೆಯದು. ದೀಪ ಆರಿಸುವುದನ್ನು ಹಬ್ಬದ ದಿನ ಅಶುಭವೆಂದು ನೋಯುವ ಹಿರಿಯರಿರುವುದರಿಂದ ಮೇಣದಬತ್ತಿಯನ್ನು ಕೈಬಿಡುವುದೇ ಲೇಸು. ಅಳತೆಯ ವಿಷಯದಲ್ಲಿ, ಒಂದು ಕಿಲೊ ಕೇಕ್ ಸಾಮಾನ್ಯವಾಗಿ ಎಂಟು ಹತ್ತು ಮಂದಿಗೆ ಸಾಕಾಗುತ್ತದೆ. ಸಕ್ಕರೈ ಪೊಂಗಲ್, ವಡೆ, ಪಾಯಸ ಉಂಡ ಹೊಟ್ಟೆಗಳಿಗೆ ಇನ್ನೂ ಸಣ್ಣ ತುಂಡುಗಳೇ ಸಾಲುತ್ತವೆ.

ಮೊಟ್ಟೆಯ ಬದಲಿಗೆ ಏನಿದೆ ಎಂದು ಕೇಳಿ

ಕೇಕಿನಲ್ಲಿ ಮೊಟ್ಟೆ ಒಂದಲ್ಲ, ಹಲವು ಕೆಲಸ ಮಾಡುತ್ತದೆ. ಕಡೆದಾಗ ಗಾಳಿಯನ್ನು ಹಿಡಿದಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ; ಒಲೆಯ ಕಾವಿಗೆ ಅದರ ಪ್ರೋಟೀನು ಗಟ್ಟಿಯಾಗಿ ಕೇಕಿಗೆ ಮೈಕಟ್ಟು ಕೊಡುತ್ತದೆ; ಹಳದಿ ಭಾಗದ ಲೆಸಿಥಿನ್ ನೀರು ಮತ್ತು ಕೊಬ್ಬನ್ನು ಬೆರೆಸಿ ಹಿಡಿಯುತ್ತದೆ. ಇವೆಲ್ಲವನ್ನೂ ಒಂದೇ ಪದಾರ್ಥದಿಂದ ತುಂಬಲಾಗದು ಎಂಬುದೇ ಮೊಟ್ಟೆಯಿಲ್ಲದ ಕೇಕಿನ ಸವಾಲು. ಮನೆಗಳಲ್ಲಿಯೂ ಸಣ್ಣ ಬೇಕರಿಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ಉಪಾಯಗಳು ಎರಡು: ಸಿಹಿಯಾದ ಕಂಡೆನ್ಸ್ಡ್ ಮಿಲ್ಕ್, ಮತ್ತು ಮೊಸರಿನ ಜೊತೆಗೆ ಅಡುಗೆ ಸೋಡಾ. ಮೊಸರಿನ ಹುಳಿ ಸೋಡಾದ ಜೊತೆ ಸೇರಿದಾಗ ಹೊಮ್ಮುವ ಇಂಗಾಲದ ಡೈ ಆಕ್ಸೈಡ್ ಹಿಟ್ಟನ್ನು ಹಗುರ ಮಾಡುತ್ತದೆ. ದೊಡ್ಡ ಬೇಕರಿಗಳು ಸೋಯಾ ಅಥವಾ ಹಾಲಿನ ಪುಡಿ, ಪಿಷ್ಟ ಮತ್ತು ನೀರು, ಕೊಬ್ಬನ್ನು ಬೆರೆಸಿ ಹಿಡಿಯುವ ಎಮಲ್ಸಿಫೈಯರ್ ಸೇರಿಸಿದ ಸಿದ್ಧ ಮಿಶ್ರಣವನ್ನು ಬಳಸುತ್ತವೆ. ಮಿಶ್ರಣ ಬಳಸುವುದು ತಪ್ಪೇನಲ್ಲ. ಆದರೆ ಸೋಯಾ ಒಗ್ಗದವರಿದ್ದರೆ ಕೇಳಿ ತಿಳಿಯಬೇಕು. ಮೊಟ್ಟೆಯಿಲ್ಲ ಎಂದ ಮಾತ್ರಕ್ಕೆ ಹಾಲಿಲ್ಲ ಎಂದೂ ಅರ್ಥವಲ್ಲ. ಹಾಲು ಒಗ್ಗದವರಿಗೆ ಬೇರೆಯದೇ ಕೇಕ್ ಹೇಳಬೇಕು.

ದುಡ್ಡು ಕೊಡುವ ಮೊದಲು ಅದೇ ಸ್ಪಂಜಿನ ಒಂದು ಸಣ್ಣ ತುಂಡನ್ನು, ಕ್ರೀಮ್ ಇಲ್ಲದೆ, ತಿಂದು ನೋಡುವುದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳಬೇಕು. ಹಲ್ಲಿಗೆ ಅಂಟಿದರೆ ಒಳಗೆ ಸರಿಯಾಗಿ ಬೆಂದಿಲ್ಲ. ಸಾಬೂನಿನಂಥ ಒಗರು ನಾಲಗೆಯಲ್ಲಿ ಉಳಿದರೆ ಸೋಡಾ ಹೆಚ್ಚಾಗಿದೆ. ನೈಸರ್ಗಿಕ ಬಣ್ಣಕ್ಕೆಂದು ಅರಿಸಿನ ಸೇರಿಸಿದ ಕೇಕಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆಗಳು ಕಂಡರೂ ಸೋಡಾ ಸರಿಯಾಗಿ ಬೆರೆತಿಲ್ಲ ಎಂದೇ ತಿಳಿಯಬಹುದು, ಏಕೆಂದರೆ ಅರಿಸಿನ ಕ್ಷಾರ ಸೋಕಿದೊಡನೆ ಕೆಂಪಾಗುತ್ತದೆ. ಬೆಣ್ಣೆಯಿಂದ ಮಾಡಿದ ಸ್ಪಂಜು ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ, ಎಣ್ಣೆಯಿಂದ ಮಾಡಿದ್ದು ಮೆತ್ತಗೇ ಉಳಿಯುತ್ತದೆ. ಕ್ರೀಮ್ ಕೇಕನ್ನು ತಣ್ಣಗಿಡಲೇಬೇಕಾಗಿರುವುದರಿಂದ ಅದಕ್ಕೆ ಎಣ್ಣೆಯ ಸ್ಪಂಜೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಸ್ಪಂಜಿನಾಚೆ ಅಡಗಿರುವ ಮೊಟ್ಟೆ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಮೇಲಿನ ಕ್ರೀಮ್, ನಡುವಿನ ಪದರ, ಅಂಚಿನ ಅಲಂಕಾರ ಇವೆಲ್ಲ ಬೇರೆ ಬೇರೆ ಕಡೆ ಸಿದ್ಧವಾಗಿ ಬಂದಿರಬಹುದು. ಬೆಣ್ಣೆ ಕ್ರೀಮಿನಲ್ಲಿ ಸ್ವಿಸ್, ಇಟಾಲಿಯನ್ ಎಂಬ ಬಗೆಗಳನ್ನು ಮೊಟ್ಟೆಯ ಬಿಳಿಯಿಂದಲೇ ಮಾಡುತ್ತಾರೆ. ಬೆಣ್ಣೆ ಮತ್ತು ಪುಡಿ ಸಕ್ಕರೆ ಮಾತ್ರ ಕಡೆದ ಬಗೆಯಲ್ಲಿ ಅದಿರುವುದಿಲ್ಲ. ಗೆರೆ ಎಳೆದು ಕೋಲದ, ಅಂದರೆ ತಮಿಳರ ರಂಗೋಲಿಯ, ಚಿತ್ತಾರ ಬಿಡಿಸಲು ಬಳಸುವ ರಾಯಲ್ ಐಸಿಂಗಿನಲ್ಲಿ ಮೊಟ್ಟೆಯ ಬಿಳಿ ಇರುವುದು ಸಾಮಾನ್ಯ. ಪೊಂಗಲ್ ಕೇಕ್ ಎಂದರೆ ಅದರ ಮೇಲೆ ಕೋಲ ಬಿಡಿಸುವುದು ಹೆಚ್ಚುಕಡಿಮೆ ಖಚಿತವಾದ್ದರಿಂದ ಈ ಪ್ರಶ್ನೆಯನ್ನು ಮರೆಯಲೇಬಾರದು. ನಮ್ಮಲ್ಲಿ ಪೊಟ್ಟಣದಲ್ಲಿ ಸಿಗುವ ಕಸ್ಟರ್ಡ್ ಪುಡಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟದ್ದು. ಆದರೆ ಪೇಸ್ಟ್ರಿ ಕ್ರೀಮ್ ಎಂದು ಹೇಳುವ ಪದರ ಮೊಟ್ಟೆಯ ಹಳದಿಯಿಂದ ಆಗಿರುತ್ತದೆ.

ತಮಿಳುನಾಡಿನಲ್ಲಿ ಇನ್ನೊಂದು ವಿಶೇಷವಿದೆ. ತೂತ್ತುಕುಡಿಯ ಮೆಕರೂನ್ ಅಲ್ಲಿನ ಹೆಮ್ಮೆಯ ತಿನಿಸು. ಶಂಖದ ತುದಿಯಂತೆ ಚೂಪಾಗಿರುವ ಅದನ್ನು ಕೇಕಿನ ಅಂಚಿಗೆ ಜೋಡಿಸಿದರೆ ನೋಡಲು ಬಹಳ ಚೆಂದ. ಆದರೆ ಅದು ಗೋಡಂಬಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿಯಿಂದ ಆದದ್ದು. ಬರಿಯ ಗೋಡಂಬಿಯ ಮಿಠಾಯಿ ಎಂದು ತಿಳಿದು ಸಸ್ಯಾಹಾರಿಗಳ ಕೈಗಿತ್ತರೆ, ತಿಳಿಯದೆಯೇ ಅವರ ನಿಷ್ಠೆಯನ್ನು ಮುರಿದಂತಾಗುತ್ತದೆ.

ಮೊಟ್ಟೆಯಲ್ಲದಿದ್ದರೂ ಸಸ್ಯಾಹಾರಕ್ಕೆ ಹೊಂದದ ಇನ್ನೆರಡು ಪದಾರ್ಥಗಳನ್ನು ಇದೇ ಉಸಿರಿನಲ್ಲಿ ವಿಚಾರಿಸಬೇಕು. ಕನ್ನಡಿಯಂತೆ ಹೊಳೆಯುವ ಗ್ಲೇಜ್, ನೊರೆಯಂತೆ ಹಗುರವಾದ ಮೂಸ್, ಮಾರ್ಷ್‌ಮ್ಯಾಲೊಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರಬಹುದು. ಅದರ ಬದಲು ಕಡಲಪಾಚಿಯಿಂದ ಬರುವ ಅಗರ್ ಅಗರ್ ಬಳಸುವ ಬೇಕರಿಗಳಿವೆ. ಕೆಂಪು ಬಣ್ಣಕ್ಕೆ ಬಳಸುವ ಕಾರ್ಮೈನ್, ಪದಾರ್ಥಗಳ ಪಟ್ಟಿಯಲ್ಲಿ 120 ಎಂಬ ಸಂಖ್ಯೆಯಿಂದ ಕಾಣುವಂಥದ್ದು, ಕೀಟದಿಂದ ಬಂದದ್ದು.

ಗುರುತು ಮತ್ತು ಒಲೆ

ಭಾರತದ ಆಹಾರ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಪಟ್ಟಿಯಲ್ಲಿದೆ. ಹಾಲು ಮತ್ತು ಜೇನುತುಪ್ಪಕ್ಕೆ ವಿನಾಯಿತಿಯಿದೆ. ಹಾಗಾಗಿ ಪೊಟ್ಟಣ ಕಟ್ಟಿದ ಕೇಕಿನ ಮೇಲೆ ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಅದರಲ್ಲಿ ಮೊಟ್ಟೆಯೂ ಇರಕೂಡದು, ಜೆಲಾಟಿನ್ನೂ ಇರಕೂಡದು. ಮೊಟ್ಟೆ ಹಾಕಿದ ಕೇಕಿಗೆ ಕಂದು ಚೌಕದೊಳಗೆ ಕಂದು ತ್ರಿಕೋನದ ಗುರುತು ಇರುತ್ತದೆ. ಆದರೆ ಹಬ್ಬಕ್ಕೆ ಹೇಳಿ ಮಾಡಿಸುವ ಕೇಕ್ ಬಿಳಿಯ ಡಬ್ಬದಲ್ಲಿ ಬರುವುದರಿಂದ ಈ ಗುರುತು ಸಿಗದೆ ಹೋಗಬಹುದು. ಅಂಥಲ್ಲಿ ಬಿಲ್ಲಿನ ಮೇಲೆಯೇ ‘ಎಗ್‌ಲೆಸ್’ ಎಂದು ಬರೆಸಿಕೊಳ್ಳುವುದು, ಅಂಗಡಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ಎಂದು ನೋಡುವುದು ಒಳ್ಳೆಯದು. ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗೂ ನೋಂದಣಿ ಕಡ್ಡಾಯ.

ಒಂದೇ ಒಲೆ, ಒಂದೇ ಕಡೆಯುವ ಯಂತ್ರ, ಒಂದೇ ತಟ್ಟೆಗಳಲ್ಲಿ ಎರಡೂ ಬಗೆಯ ಕೇಕ್ ಮಾಡುವ ಅಂಗಡಿಗಳು ಬಹಳ. ಇದನ್ನು ಒಪ್ಪುವುದು ಬಿಡುವುದು ತಿನ್ನುವವರ ಮನಸ್ಸಿಗೆ ಬಿಟ್ಟದ್ದು, ಕೊಳ್ಳುವವರದಲ್ಲ. ಮಡಿ ಆಚಾರದ ಮನೆಗೆ ಒಯ್ಯುವುದಾದರೆ ಸಂಪೂರ್ಣ ಸಸ್ಯಾಹಾರಿ ಬೇಕರಿಯನ್ನೇ ಹುಡುಕಬೇಕು. ಮೊಟ್ಟೆ ಅಲರ್ಜಿ ಇರುವ ಮಗು ಮನೆಯಲ್ಲಿದ್ದರಂತೂ ಇದು ಜೀವದ ಪ್ರಶ್ನೆ. ಅಲ್ಲಿ ‘ತೊಳೆದು ಬಳಸುತ್ತೇವೆ’ ಎಂಬ ಭರವಸೆಯೂ ಸಾಲದು.

ರುಚಿ ಹಬ್ಬದ್ದಾಗಿರಲಿ

ಚಾಕೊಲೇಟ್, ಬ್ಲ್ಯಾಕ್ ಫಾರೆಸ್ಟ್ ವರ್ಷವಿಡೀ ಸಿಗುತ್ತವೆ. ಸುಗ್ಗಿಯ ಹಬ್ಬಕ್ಕೆ ಸುಗ್ಗಿಯ ರುಚಿಯೇ ಒಪ್ಪುತ್ತದೆ, ಮತ್ತು ಇಲ್ಲಿ ಮೊಟ್ಟೆಯಿಲ್ಲದ ಕೇಕಿಗೆ ಒಂದು ಅನುಕೂಲವೂ ಇದೆ. ಬೆಲ್ಲ ತೇವವನ್ನು ಹಿಡಿದಿಟ್ಟುಕೊಳ್ಳುವ ಗುಣದ್ದು. ಮೊಟ್ಟೆಯಿಲ್ಲದೆ ಬೇಗ ಒಣಗುವ ಸ್ಪಂಜು ಬೆಲ್ಲದಿಂದ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಅದರ ಗಾಢ ಪರಿಮಳ ಮೊಟ್ಟೆಯ ಕೊರತೆ ನಾಲಗೆಗೆ ತಿಳಿಯದಂತೆ ಮಾಡುತ್ತದೆ. ತಾಳೆ ಮರದ ನೀರಾದಿಂದ ತೆಗೆದ ಬೆಲ್ಲ, ಅಂದರೆ ಕರುಪ್ಪಟ್ಟಿಯಾದರೆ ಇನ್ನೂ ಚೆನ್ನ. ತೂತ್ತುಕುಡಿ ಜಿಲ್ಲೆಯ ಉಡನ್‌ಗುಡಿ ಕರುಪ್ಪಟ್ಟಿಗೆ ಹೆಸರಾದ ಊರು. ಕರುಪ್ಪಟ್ಟಿ, ಒಣಶುಂಠಿ, ಏಲಕ್ಕಿ ಸೇರಿದ ಸ್ಪಂಜು, ಅದರ ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ: ಇದಕ್ಕಿಂತ ಒಳ್ಳೆಯ ಪೊಂಗಲ್ ಕೇಕನ್ನು ನಾನು ಊಹಿಸಲಾರೆ. ಶ್ರೀವಿಲ್ಲಿಪುತ್ತೂರಿನ ಹಾಲಿನ ಸಿಹಿಯಾದ ಪಾಲ್ಕೋವಾವನ್ನು ನಡುವಿನ ಪದರವಾಗಿಸಿದ ಕೇಕ್, ಎಳನೀರು ಮತ್ತು ಅದರ ಎಳೆ ತಿರುಳಿನ ಕೇಕ್ ಇವೂ ಹೊಂದುತ್ತವೆ. ಬೆಲ್ಲದ ಕೇಕ್ ಸಕ್ಕರೆ ಕಾಯಿಲೆಯವರಿಗೆ ನಿರಪಾಯ ಎಂದು ಯಾರಾದರೂ ಹೇಳಿದರೆ ನಂಬಬಾರದು. ಬೆಲ್ಲದ ಬಹುಭಾಗವೂ ಸಕ್ಕರೆಯೇ.

‘ಸಕ್ಕರೈ ಪೊಂಗಲ್ ಕೇಕ್’ ಎಂಬ ಹೆಸರಿನಲ್ಲಿ ಎರಡು ಬಗೆಯವು ಸಿಗುತ್ತವೆ. ಒಂದರಲ್ಲಿ ಬೆಲ್ಲ, ತುಪ್ಪ, ಏಲಕ್ಕಿ, ಗೋಡಂಬಿಗಳ ಪರಿಮಳ ಮಾತ್ರ ಇರುತ್ತದೆ. ಇನ್ನೊಂದರಲ್ಲಿ ಬೇಯಿಸಿದ ಪೊಂಗಲನ್ನೇ ಪದರಗಳ ನಡುವೆ ತುಂಬಿರುತ್ತಾರೆ. ಎರಡನೆಯದನ್ನು ನಾನು ಶಿಫಾರಸು ಮಾಡುವುದಿಲ್ಲ. ಬೆಂದ ಅಕ್ಕಿ ಹೊರಗಿಟ್ಟರೆ ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಅಗುಳು ಬಿರುಸಾಗುತ್ತದೆ. ಪಚ್ಚಕರ್ಪೂರ ಹಾಕಿಸುವುದಾದರೆ ಚಿಟಿಕೆಗಿಂತಲೂ ಕಡಿಮೆಯಿರಬೇಕು, ಮತ್ತು ಅದು ತಿನ್ನಲೆಂದೇ ಮಾರುವ ಪಚ್ಚಕರ್ಪೂರವಾಗಿರಬೇಕು. ಆರತಿಯ ಕರ್ಪೂರ ವಿಷಕಾರಿ.

ಅಲಂಕಾರ

ಮಡಕೆ, ಕಬ್ಬು, ಹಸು, ಕೋಲ ಇವು ಹೆಚ್ಚಾಗಿ ಬಿಡಿಸುವ ಚಿತ್ರಗಳು. ಇಡೀ ಕೇಕನ್ನು ಮಡಕೆಯ ಆಕಾರದಲ್ಲಿ ಮಾಡಿಸಿದರೆ ಫಾಂಡೆಂಟ್ ಎಂಬ ಸಕ್ಕರೆಯ ಕಣಕವನ್ನು ದಪ್ಪಗೆ ಹೊದಿಸಬೇಕಾಗುತ್ತದೆ. ಅದನ್ನು ತಿನ್ನುವವರಿಗಿಂತ ತಟ್ಟೆಯಂಚಿಗೆ ಸರಿಸುವವರೇ ಹೆಚ್ಚು. ಸಾದಾ ದುಂಡನೆಯ ಕೇಕಿನ ಮೇಲೆ ಸಣ್ಣದೊಂದು ಮಡಕೆ, ಸುತ್ತ ಬಿಳಿಯ ಕೋಲ ಇದ್ದರೆ ಸಾಕು. ಹೊಳೆಯುವ ಪುಡಿ ಬಳಸಿದ್ದರೆ ಅದು ತಿನ್ನಬಹುದಾದದ್ದೇ ಎಂದು ಕೇಳಬೇಕು. ಹಸಿ ಕಬ್ಬಿನ ತುಂಡುಗಳನ್ನು ಕ್ರೀಮಿಗೆ ಚುಚ್ಚಿದರೆ ರಸ ಒಸರಿ ಕ್ರೀಮ್ ಕರಗುತ್ತದೆ. ಪಕ್ಕದಲ್ಲಿ ಇಡುವುದು ಸರಿ. ಹೂಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಪೂಜೆಗೆ ತಂದ ಹೂಗಳ ಮೇಲೆ ಕೀಟನಾಶಕ ಇರಬಹುದು, ಕಣಗಿಲೆ ಹೂವಂತೂ ವಿಷ. ಅದು ಕೇಕಿನ ಹತ್ತಿರವೂ ಸುಳಿಯಬಾರದು. ಕೊಯಮತ್ತೂರಿನ ಸುತ್ತಲ ಕೊಂಗು ನಾಡಿನಲ್ಲಿ ಭೋಗಿಯಂದು ಬೇವಿನ ಜೊತೆ ಕಟ್ಟುವ ಹಳದಿ ಆವರಿಕೆ ಹೂವನ್ನು ಕ್ರೀಮಿನಲ್ಲೇ ಬಿಡಿಸಿಕೊಡುವಂತೆ ಕೇಳಬಹುದು. ತಮಿಳಿನಲ್ಲಿ ಹಾರೈಕೆ ಬರೆಸುವುದಾದರೆ ತಮಿಳು ಬಲ್ಲವರಿಂದ ಸ್ಪಷ್ಟವಾಗಿ ಬರೆಸಿ, ಆ ಹಾಳೆಯನ್ನೇ ಬೇಕರಿಗೆ ಕೊಡಬೇಕು.

ತರುವುದು, ಇಡುವುದು

ಹಬ್ಬದ ದಿನ ಬೇಕರಿಯ ಕೆಲಸಗಾರರೂ ಊರಿಗೆ ಹೋಗುತ್ತಾರೆ. ಮೂರು ನಾಲ್ಕು ದಿನ ಮೊದಲೇ ಹೇಳಿ, ಭೋಗಿಯ ಸಂಜೆ ಅಥವಾ ಪೊಂಗಲ್ ಮಧ್ಯಾಹ್ನ ಕೈಗೆ ಸಿಗುವಂತೆ ಗೊತ್ತುಮಾಡಿಕೊಳ್ಳಬೇಕು. ತೆಗೆದುಕೊಳ್ಳುವಾಗ ಡಬ್ಬ ತೆರೆದು ನೋಡಿ, ‘ಮೊಟ್ಟೆಯಿಲ್ಲದ್ದೇ ತಾನೆ?’ ಎಂದು ಇನ್ನೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಡ. ಒಂದೇ ರೂಪದ ಎರಡು ಕೇಕುಗಳು ಅದಲುಬದಲಾಗುವುದು ಹಬ್ಬದ ಗಡಿಬಿಡಿಯಲ್ಲಿ ಅಪರೂಪವಲ್ಲ. ಕಾರಿನಲ್ಲಾದರೆ ಸೀಟಿನ ಮೇಲಲ್ಲ, ಕಾಲಿಡುವ ಸಮತಟ್ಟಾದ ಜಾಗದಲ್ಲಿ ಇಡಬೇಕು.

ಜನವರಿಯಲ್ಲಿ ಚೆನ್ನೈ ಸ್ವಲ್ಪ ತಂಪಾಗಿದ್ದರೂ ಮಧ್ಯಾಹ್ನದ ಬಿಸಿಲಿಗೆ ತಾಜಾ ಕ್ರೀಮ್ ನಿಲ್ಲುವುದಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕತ್ತರಿಸುವ ಇಪ್ಪತ್ತು ಮೂವತ್ತು ನಿಮಿಷ ಮೊದಲು ಫ್ರಿಜ್ಜಿನಿಂದ ತೆಗೆದರೆ ಸ್ಪಂಜು ಮೆತ್ತಗಾಗುತ್ತದೆ. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ದಿನಗಳೊಳಗೆ ಮುಗಿಸಬೇಕು. ಕಾಣುಂ ಪೊಂಗಲ್‌ ದಿನ ಮರೀನಾ ಕಡಲತೀರಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವವರು ಕ್ರೀಮ್ ಕೇಕಿನ ಗೊಡವೆಗೇ ಹೋಗದೆ, ಕ್ರೀಮಿಲ್ಲದ ಕರುಪ್ಪಟ್ಟಿ ಕೇಕನ್ನು ಮೊದಲೇ ಹೋಳು ಮಾಡಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಒಯ್ಯಬಹುದು.