ಗೋಸುಂಬೆಯ ಕೊಂಬೆಗೆ ಬಿಸಿಲು ಅಳೆದು ಕೊಡುವುದು ಹೇಗೆ?

ವಿಜಯಪುರದಲ್ಲಿ ಕುಳಿತು ದುಡ್ಡು ಕೊಟ್ಟು ಬಿಸಿಲು ತರಿಸುವವನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ನನ್ನ ಅಣ್ಣನ ಮಗ ತನ್ನ ಸಾಕು ಗೋಸುಂಬೆಗಾಗಿ ಯುವಿಬಿ ಟ್ಯೂಬ್‌ಲೈಟ್ ಹುಡುಕುತ್ತಿದ್ದಾಗ ನಮ್ಮ ಅವ್ವ ನಕ್ಕದ್ದು ಅದಕ್ಕೇ. "ಇಷ್ಟು ಬಿಸಿಲು ನಿನ್ನ ಓತಿಕ್ಯಾತನಿಗೆ ಸಾಲದೇನು? ಕಿಟಕಿಯ ಹತ್ತಿರ ಇಡು" ಎಂದಳು. ಅವನು ಅಜ್ಜಿಯ ಮಾತು ಕೇಳಿ ಗೂಡನ್ನು ಕಿಟಕಿಯ ಹತ್ತಿರ ಇಟ್ಟ. ಕಿಟಕಿಯ ಗಾಜು ಮುಚ್ಚಿತ್ತು. ಕೆಲವು ತಿಂಗಳು ಕಳೆದ ಮೇಲೆ ನನಗೆ ಫೋನ್ ಬಂತು: "ಕಾಕಾ, ಇದರ ಮುಂಗಾಲು ಬಾಗಿದೆ, ಕೊಂಬೆ ಸರಿಯಾಗಿ ಹಿಡಿಯುತ್ತಿಲ್ಲ."

ಅವ್ವನ ಲೆಕ್ಕ ತಪ್ಪಿದ್ದು ಬಿಸಿಲಿನಲ್ಲಲ್ಲ, ಗಾಜಿನಲ್ಲಿ. ಸೂರ್ಯನ ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣಗಳಲ್ಲಿ 280ರಿಂದ 315 ನ್ಯಾನೋಮೀಟರ್ ತರಂಗದಳತೆಯ ಭಾಗವನ್ನು ಯುವಿಬಿ ಎನ್ನುತ್ತಾರೆ. ಇದು ಚರ್ಮಕ್ಕೆ ಬಿದ್ದಾಗಲೇ ಗೋಸುಂಬೆಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದು. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ; ದೇಹವು ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತು ಬಳಸತೊಡಗುತ್ತದೆ. ಕಾಲು ಬಾಗುವುದು, ದವಡೆ ಮೆತ್ತಗಾಗುವುದು, ನಡುಕ, ನಾಲಿಗೆ ಚಿಮ್ಮದಿರುವುದು ಎಲ್ಲವೂ ಇದರ ಲಕ್ಷಣಗಳೇ. ಸಾಮಾನ್ಯ ಕಿಟಕಿ ಗಾಜು ಬೆಳಕನ್ನೂ ಶಾಖವನ್ನೂ ಒಳಗೆ ಬಿಟ್ಟು, ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ಹೊರಗೇ ನಿಲ್ಲಿಸುತ್ತದೆ. ಗೋಸುಂಬೆ ಇಡೀ ದಿನ ಬಿಸಿಲಿನಲ್ಲಿ ಕುಳಿತಿತ್ತು, ಆದರೆ ಉಪವಾಸ ಕುಳಿತಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಹೊಲದ ಬದುವಿನಲ್ಲಿ, ಜಾಲಿ ಕಂಟಿಯಲ್ಲಿ ಸಿಗುವ ಗೋಸುಂಬೆಯನ್ನು ಹಿಡಿದು ಸಾಕುವಂತಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಈ ಲೇಖನ ಯೆಮನ್ ಕಡೆಯ ವೇಲ್ಡ್ ಕ್ಯಾಮೆಲಿಯನ್, ಮಡಗಾಸ್ಕರ್‌ನ ಪ್ಯಾಂಥರ್ ಕ್ಯಾಮೆಲಿಯನ್‌ಗಳಂಥ ವಿದೇಶಿ ಜಾತಿಗಳನ್ನು ಸಾಕುವವರಿಗೆ. ಅವನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದೆ ಮಾರುವವನ ಹತ್ತಿರ ಕೊಳ್ಳಬೇಡಿ.

ಟ್ಯೂಬ್ ಆರಿಸುವುದು

ಇಲ್ಲಿ ಆಗುವ ತಪ್ಪು ಬರೀ ದುಡ್ಡಿನ ನಷ್ಟಕ್ಕೆ ನಿಲ್ಲುವುದಿಲ್ಲ. ಬಜಾರಿನ ಇಲೆಕ್ಟ್ರಿಕ್ ಅಂಗಡಿಗೆ ಹೋಗಿ "ಯುವಿ ಟ್ಯೂಬ್ ಕೊಡಿ" ಎಂದರೆ ನೀರಿನ ಫಿಲ್ಟರ್‌ಗೆ ಹಾಕುವ ಟ್ಯೂಬ್ ಕೊಡುತ್ತಾರೆ. ಅದು ಯುವಿಸಿ; 254 ನ್ಯಾನೋಮೀಟರ್‌ನಲ್ಲಿ ರೋಗಾಣು ಕೊಲ್ಲಲೆಂದೇ ಮಾಡಿದ್ದು. ಗೋಸುಂಬೆಯ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ, ನಿಮ್ಮದನ್ನೂ ಬಿಡುವುದಿಲ್ಲ. ಮೀನಿನ ತೊಟ್ಟಿಯ ನೀರು ಶುದ್ಧಿಗೆ ಬಳಸುವ ಯುವಿ ದೀಪವೂ ಇದೇ ಜಾತಿಯದು. ನೋಟು ಪರೀಕ್ಷಿಸುವ ನೀಲಿ ದೀಪದಲ್ಲಿರುವುದು ಯುವಿಎ, ಅದರಿಂದ ಡಿ3 ಹುಟ್ಟುವುದಿಲ್ಲ. ಮನೆಯ ಬಿಳಿ ಎಲ್ಇಡಿಯಲ್ಲಿ ಯಾವುದೂ ಇಲ್ಲ.

ಬೇಕಾದದ್ದು ಸರೀಸೃಪಗಳಿಗೆಂದೇ ಮಾಡಿದ ಉದ್ದನೆಯ ಟಿ5 ಹೈ ಔಟ್‌ಪುಟ್ ಟ್ಯೂಬ್. ಡಬ್ಬಿಯ ಮೇಲೆ ಯುವಿಬಿ 5, 6, 10 ಅಥವಾ 12 ಶೇಕಡಾ ಎಂದಿರುತ್ತದೆ. ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೂಡಿಗೆ 5 ಅಥವಾ 6 ಶೇಕಡಾದ್ದು ಸಾಕು. ಸುರುಳಿ ಆಕಾರದ ಸಣ್ಣ ಬಲ್ಬ್‌ನ ಬೆಲೆ ಕಡಿಮೆ, ನಿಜ. ಆದರೆ ಅದರ ಕಿರಣ ಒಂದು ಅಂಗೈಯಗಲಕ್ಕೆ ಬಿದ್ದು ಮುಗಿಯುತ್ತದೆ. ಗೋಸುಂಬೆ ಮೈಯುದ್ದಕ್ಕೂ ಕಿರಣ ತಾಗಿಸಿಕೊಂಡು ಕೂರುವ ಪ್ರಾಣಿ.

ಟ್ಯೂಬ್ ಕೂರಿಸುವ ಪಟ್ಟಿಯ ಒಳಗೆ ಹೊಳೆಯುವ ರಿಫ್ಲೆಕ್ಟರ್ ಇರಲಿ. ಹೊರದೇಶದಿಂದ ತರಿಸುವವರು ವೋಲ್ಟೇಜ್ ಓದಿಕೊಳ್ಳಿ. ಅಮೆರಿಕದ ಪಟ್ಟಿ 120 ವೋಲ್ಟ್‌ನದು, ನಮ್ಮ 230ಕ್ಕೆ ಸಿಕ್ಕಿಸಿದರೆ ಒಳಗಿನ ಚೋಕ್ ಸುಟ್ಟುಹೋಗುತ್ತದೆ.

ಅಳೆಯುವುದು: ಇಡೀ ಕೆಲಸದ ಜೀವ ಇಲ್ಲಿದೆ

ಡಬ್ಬಿಯ ಮೇಲಿನ ಶೇಕಡಾ ಹೇಳುವುದು ಟ್ಯೂಬ್ ಎಂಥದು ಎಂಬುದನ್ನು ಮಾತ್ರ. ಕೊಂಬೆಯ ಮೇಲೆ ಎಷ್ಟು ಬೀಳುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ರಿಫ್ಲೆಕ್ಟರ್, ಜಾಳಿಗೆ, ಎತ್ತರ, ಟ್ಯೂಬಿನ ವಯಸ್ಸು ಎಲ್ಲ ಸೇರಿ ಆ ಸಂಖ್ಯೆ ಆಗುತ್ತದೆ. ಅದನ್ನು ಅಳೆಯುವ ಮಾಪಕಕ್ಕೆ ಯುವಿ ಸೂಚ್ಯಂಕ ಮೀಟರ್ ಎನ್ನುತ್ತಾರೆ; ಯುವಿ ಎಷ್ಟು ತೀಕ್ಷ್ಣವಾಗಿದೆ ಎಂದು ಹೇಳುವ ಸಂಖ್ಯೆಯೇ ಈ ಸೂಚ್ಯಂಕ. ಸಾಕುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಸೋಲಾರ್‌ಮೀಟರ್ 6.5. ಟಿವಿ ರಿಮೋಟಿನಷ್ಟಿದೆ, 9 ವೋಲ್ಟ್ ಬ್ಯಾಟರಿ ಹಾಕಿ ಗುಂಡಿ ಒತ್ತಿದರೆ ಸಂಖ್ಯೆ ತೋರಿಸುತ್ತದೆ. ಅಗ್ಗದ್ದಲ್ಲ. ನಾಲ್ಕಾರು ಜನ ಸೇರಿ ಒಂದು ಕೊಂಡರೆ ಸಾಕು, ತಿಂಗಳಿಗೊಮ್ಮೆ ಹತ್ತು ನಿಮಿಷದ ಕೆಲಸ ಅದಕ್ಕೆ. ಬಣ್ಣ ಬದಲಿಸುವ ಯುವಿ ಕಾರ್ಡುಗಳು ಯುವಿ ಇದೆ ಎಂದಷ್ಟೇ ಹೇಳುತ್ತವೆ, ಎಷ್ಟಿದೆ ಎಂದು ಹೇಳುವುದಿಲ್ಲ.

ಮೀಟರ್ ಕೈಗೆ ಬಂದ ದಿನ ಗೂಡಿನ ಹತ್ತಿರ ಹೋಗಬೇಡಿ, ಮಾಳಿಗೆ ಹತ್ತಿ. ಬೇಸಿಗೆಯ ಮುಂಜಾನೆ ಏಳಕ್ಕೆ ಸೂರ್ಯನ ಕಡೆ ಹಿಡಿದರೆ ಒಂದರ ಆಸುಪಾಸು ಇರುತ್ತದೆ. ಎಂಟೂವರೆ ಒಂಬತ್ತಕ್ಕೆ ಮೂರು ಮುಟ್ಟುತ್ತದೆ. ಮಧ್ಯಾಹ್ನ ಹತ್ತನ್ನು ದಾಟುತ್ತದೆ. ಮೇ ಮೊದಲ ಭಾಗದಲ್ಲಿ ಸೂರ್ಯ ವಿಜಯಪುರದ ನೆತ್ತಿಯ ಮೇಲೇ ಬರುತ್ತಾನಲ್ಲ. ಆಮೇಲೆ ಕೆಳಗಿಳಿದು ಮುಚ್ಚಿದ ಕಿಟಕಿಯ ಹಿಂದೆ ಹಿಡಿದು ನೋಡಿ, ಸಂಖ್ಯೆ ಸೊನ್ನೆಗೆ ಬಂದು ನಿಲ್ಲುತ್ತದೆ. ನಮ್ಮ ಅವ್ವ ನಂಬಿದ್ದು ನನ್ನ ಭಾಷಣವನ್ನಲ್ಲ, ಆ ಸೊನ್ನೆಯನ್ನು.

ಹಾಗಾದರೆ ಗೋಸುಂಬೆಗೆ ಎಷ್ಟು ಬೇಕು? ಅಮೆರಿಕದ ಗ್ಯಾರಿ ಫರ್ಗ್ಯುಸನ್ ಮತ್ತು ಸಂಗಡಿಗರು ಕಾಡಿನ ಹಲ್ಲಿ, ಹಾವುಗಳು ಕುಳಿತ ಜಾಗದಲ್ಲೇ ಮೀಟರ್ ಹಿಡಿದು ಅಳೆದು, 2010ರಲ್ಲಿ ಅವನ್ನು ಮೈಗೆ ಬೀಳುವ ಯುವಿಯ ಸೂಚ್ಯಂಕದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿದರು. ವೇಲ್ಡ್, ಪ್ಯಾಂಥರ್ ಎರಡನ್ನೂ ಮೂರನೆಯ ವಲಯಕ್ಕೆ ಸೇರಿಸುವುದು ರೂಢಿ. ಆ ವಲಯದ ಸರಾಸರಿ 1.0ರಿಂದ 2.6, ಗರಿಷ್ಠ 2.9ರಿಂದ 7.4. ಸಾಕುವವರು ಇದನ್ನು ಒಂದೇ ಸಂಖ್ಯೆಗೆ ಇಳಿಸಿಕೊಂಡಿದ್ದಾರೆ: ಎಲ್ಲಕ್ಕಿಂತ ಮೇಲಿನ ಕೊಂಬೆಯಲ್ಲಿ 3. ನಾನು ಅದಕ್ಕೇ ಅಂಟಿಕೊಳ್ಳುತ್ತೇನೆ. ಆರು ಏಳರವರೆಗೆ ಏರಿಸುವ ಉತ್ಸಾಹಿಗಳಿದ್ದಾರೆ. ನೆರಳಿಗೆ ಓಡಲು ಹತ್ತು ಮಾರು ಜಾಗವಿರುವ ಕಾಡಿನ ಪ್ರಾಣಿಯ ಲೆಕ್ಕ ಬೇರೆ, ಎರಡು ಅಡಿ ಗೂಡಿನ ಪ್ರಾಣಿಯದು ಬೇರೆ.

ಈಗ ಗೂಡಿಗೆ ಬನ್ನಿ. ಗೋಸುಂಬೆಯನ್ನು ಬೇರೆ ಕಡೆ ಬಿಡಿ. ಟ್ಯೂಬ್ ಹಚ್ಚಿ ಅರ್ಧ ತಾಸು ಬಿಡಿ. ಕಾದ ಮೇಲೇ ಅದರ ನಿಜವಾದ ಬಲ ಕಾಣುವುದು. ಮೇಲಿನ ಜಾಳಿಗೆ ತೆಗೆಯಬೇಡಿ. ಜಾಳಿಗೆಯೇ ಮೂರರಲ್ಲಿ ಒಂದು ಪಾಲು ಯುವಿಬಿ ನುಂಗಬಹುದು, ದಟ್ಟವಾಗಿದ್ದರೆ ಅರ್ಧದಷ್ಟನ್ನೂ. ವೆಲ್ಡಿಂಗ್ ಅಂಗಡಿಯಲ್ಲಿ ಗೂಡು ಮಾಡಿಸಿ ಸೊಳ್ಳೆ ಪರದೆಯ ಜಾಳಿಗೆ ಬಡಿಸಿದವರಿಗೆ ಇದು ಮುಖ್ಯ. ಮೀಟರನ್ನು ಕೊಂಬೆಗೆ ತಾಗಿಸಿ ಹಿಡಿಯಬೇಡಿ. ಗೋಸುಂಬೆ ಕೊಂಬೆಯ ಮೇಲೆ ನಿಂತಾಗ ಅದರ ಬೆನ್ನು ಬರುವ ಎತ್ತರಕ್ಕೆ, ಬೆಳೆದ ಪ್ರಾಣಿಯಾದರೆ ಎಂಟು ಹತ್ತು ಸೆಂಟಿಮೀಟರ್ ಮೇಲೆ ಹಿಡಿದು, ಮೀಟರಿನ ಮೂತಿಯನ್ನು ನೇರ ಟ್ಯೂಬಿನ ಕಡೆ ತಿರುಗಿಸಿ. ಓರೆಯಾದರೆ ಸಂಖ್ಯೆ ಸುಳ್ಳಾಗುತ್ತದೆ.

6 ಶೇಕಡಾದ ಟ್ಯೂಬ್ ಜಾಳಿಗೆಯ ಮೇಲಿದ್ದರೆ, ಪ್ರಾಣಿಯ ಬೆನ್ನಿಗೂ ಟ್ಯೂಬಿಗೂ 20ರಿಂದ 23 ಸೆಂಟಿಮೀಟರ್ ಅಂತರದಿಂದ ಶುರು ಮಾಡಬಹುದು. 3ಕ್ಕಿಂತ ಹೆಚ್ಚು ತೋರಿಸಿದರೆ ಕೊಂಬೆ ಇಳಿಸಿ, ಕಡಿಮೆಯಿದ್ದರೆ ಏರಿಸಿ. ಇಷ್ಟಕ್ಕೇ ನಿಲ್ಲಬೇಡಿ. ಗೋಸುಂಬೆಗೆ ಛಾವಣಿಯ ಜಾಳಿಗೆ ಹಿಡಿದು ತಲೆಕೆಳಗಾಗಿ ಜೋತಾಡುವ ಚಟವಿದೆ. ಆಗ ಅದು ಟ್ಯೂಬಿಗೆ ಎರಡೇ ಅಂಗುಲ ದೂರ. ಅಲ್ಲಿಯೂ ಅಳೆಯಿರಿ. ನಮ್ಮ ಹುಡುಗನ ಗೂಡಿನಲ್ಲಿ ಕೊಂಬೆಯ ಮೇಲೆ ಸರಿಯಾಗಿ 3 ಇತ್ತು, ಛಾವಣಿಯಲ್ಲಿ 8ರ ಹತ್ತಿರ. ಪಟ್ಟಿಯ ಎರಡೂ ತುದಿಗೆ ಒಂದೊಂದು ಇಟ್ಟಿಗೆ ಇಟ್ಟು ಎತ್ತರಿಸಿ, ಕೊಂಬೆಯನ್ನೂ ಅಷ್ಟೇ ಮೇಲಕ್ಕೆ ಕಟ್ಟಿದೆವು. ಕಣ್ಣು ಮುಚ್ಚಿಕೊಂಡೇ ಇರುವುದು, ರೆಪ್ಪೆ ಊದುವುದು ಯುವಿಬಿ ಅತಿಯಾದಾಗಲೂ ಕಾಣುತ್ತದೆ.

ಗೂಡಿನ ಕೆಳಭಾಗ ಸೊನ್ನೆಯೇ ಇರಲಿ. ಪ್ಯಾಂಥರ್ ಕ್ಯಾಮೆಲಿಯನ್‌ಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಆಹಾರದಲ್ಲಿ ಡಿ3 ಕಡಿಮೆ ಸಿಕ್ಕವು ತಾವಾಗಿಯೇ ಹೆಚ್ಚು ಯುವಿಬಿಗೆ ಮೈಯೊಡ್ಡಿದವು, ಸಾಕಷ್ಟು ಸಿಕ್ಕವು ದೂರ ಸರಿದವು. ಎಷ್ಟು ಬೇಕೆಂಬ ಲೆಕ್ಕ ಅದಕ್ಕೆ ಗೊತ್ತು. ಸರಿಯಲು ಜಾಗ ಕೊಡುವುದು ನಮ್ಮ ಕೆಲಸ. ದಾಸವಾಳದ ಕುಂಡವನ್ನೋ ಮನಿ ಪ್ಲಾಂಟ್ ಬಳ್ಳಿಯನ್ನೋ ಒಂದು ಬದಿಗೆ ದಟ್ಟವಾಗಿ ಬಿಟ್ಟರೆ ನೆರಳು ಸಿದ್ಧ.

ಶಾಖ, ಹೊತ್ತು, ಧೂಳು

ಚರ್ಮದಲ್ಲಿ ಹುಟ್ಟಿದ ಕಚ್ಚಾ ರೂಪ ಡಿ3 ಆಗಿ ಮಾಗಲು ಮೈ ಬೆಚ್ಚಗಿರಬೇಕು. ಅದಕ್ಕೆ ಶಾಖದ ಬಲ್ಬ್ ಟ್ಯೂಬಿನ ಪಕ್ಕದಲ್ಲೇ ಇದ್ದು, ಎರಡೂ ಒಂದೇ ಕೊಂಬೆಗೆ ಬೀಳಬೇಕು. ಆ ಕೊಂಬೆಯ ಮೇಲೆ 29ರಿಂದ 31 ಡಿಗ್ರಿ ಸಾಕು. ಬೆಳಗಾವಿಯಲ್ಲಿ ಮಳೆಗಾಲ, ಚಳಿಗಾಲ ಎರಡರಲ್ಲೂ ಬಲ್ಬ್ ಬೇಕಾಗುತ್ತದೆ. ವಿಜಯಪುರ, ಬಾಗಲಕೋಟೆಯವರು ಮಾರ್ಚ್ ಕಳೆದ ಮೇಲೆ ಅದನ್ನು ಬಿಚ್ಚಿ ಕಪಾಟಿನಲ್ಲಿಡಿ. ಮನೆಯೊಳಗೇ 35 ದಾಟುವ ದಿನಗಳಲ್ಲಿ ಗೂಡಿನ ಹಿಂದೆ ಹಸಿ ಗೋಣಿತಟ್ಟು ಕಟ್ಟಿ, ಕೂಲರ್ ಇರುವ ಕೋಣೆಗೆ ಸಾಗಿಸಿ.

ದಿನಕ್ಕೆ 12 ತಾಸು ಟ್ಯೂಬ್, ರಾತ್ರಿ ಪೂರ್ತಿ ಕತ್ತಲೆ. ಟೈಮರ್ ಹಾಕಿದರೆ ಮರೆವಿನ ಭಯವಿಲ್ಲ. ಕರೆಂಟ್ ನಾಲ್ಕು ತಾಸು ಹೋದರೆ ಗಾಬರಿಯಾಗಬೇಕಿಲ್ಲ, ಡಿ3 ಮೈಯಲ್ಲಿ ಸಂಗ್ರಹವಿರುತ್ತದೆ. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದನ್ನು ಮಾತ್ರ ಬಿಡಬೇಡಿ. ಯುವಿಬಿ ಕ್ಯಾಲ್ಸಿಯಂ ಅನ್ನು ಒಳಗೆ ಕರೆಯುತ್ತದೆಯೇ ಹೊರತು ತಾನೇ ತರುವುದಿಲ್ಲ. ಕಾಲು ಬಾಗಿದ್ದರೆ ದೀಪದಲ್ಲೇ ವಾಸಿ ಮಾಡಲು ಹೊರಡದೆ ಪಶುವೈದ್ಯರಿಗೆ ತೋರಿಸಿ. ನಮ್ಮ ಹುಡುಗನ ಗೋಸುಂಬೆ ಚಿಕಿತ್ಸೆಯ ನಂತರ ಕೊಂಬೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬಾಗಿದ ಎಲುಬು ಮಾತ್ರ ನೆಟ್ಟಗಾಗಲಿಲ್ಲ.

ಟಿ5 ಟ್ಯೂಬ್ ಕಣ್ಣಿಗೆ ವರ್ಷಗಟ್ಟಲೆ ಉರಿಯುತ್ತದೆ, ಆದರೆ ಯುವಿಬಿ ಮೊದಲೇ ಕುಂದುತ್ತದೆ. ಮೀಟರ್ ಇಲ್ಲದವರು 12 ತಿಂಗಳಿಗೊಮ್ಮೆ ಬದಲಿಸಬೇಕು. ಇದ್ದವರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅಳೆದು ಬರೆದಿಟ್ಟರೆ ಯಾವಾಗ ಬದಲಿಸಬೇಕೆಂದು ಸಂಖ್ಯೆಯೇ ಹೇಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ: 3.0, 3.0, 2.9. ಏಪ್ರಿಲ್‌ನಲ್ಲಿ ಒಮ್ಮೆಲೇ 2.2 ಆಯಿತು. ಹುಡುಗ ಹೊಸ ಟ್ಯೂಬಿಗೆ ದುಡ್ಡು ಕೇಳಲು ಹೊರಟಿದ್ದ. ಅವ್ವ ಸ್ವಿಚ್ ಆರಿಸಿ, ಟ್ಯೂಬ್ ಆರಿದ ಮೇಲೆ ಸೆರಗಿನಿಂದ ಒಮ್ಮೆ ಒರೆಸಿದಳು. ಸೆರಗು ಕಂದಾಯಿತು, ಮೀಟರ್ 2.8 ತೋರಿಸಿತು.