ತುಮಕೂರಿಂದ ಒಂದೇ ದಿನಕ್ಕೆ ಎರಡು ಘಾಟಿ: ಬೈಕಲ್ಲಿ ಹೋಗಿ ಬರೋದು ಹೇಗೆ?

ನಮ್ಮೂರಿನವರಿಗೆ ಒಂದು ಅನುಕೂಲ ಇದೆ, ಬಹಳ ಜನ ಗಮನಿಸಿರಲ್ಲ. ತುಮಕೂರಿಂದ ಹೊರಡೋ ನ್ಯಾಷನಲ್ ಹೈವೇ 73 ತಿಪಟೂರು, ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿದು ಮಂಗಳೂರಿಗೇ ಹೋಗುತ್ತೆ. ಅಂದ್ರೆ ಗುಬ್ಬಿ ಕಡೆ ಹಿಡಿದ ರೋಡನ್ನ ಬಿಡದೇ ಇದ್ರೆ ಘಾಟಿ ತಾನಾಗೇ ಬರುತ್ತೆ. ಚಾರ್ಮಾಡಿ ಇಳಿದು ಶಿರಾಡಿ ಹತ್ತಿ ಬಂದ್ರೆ ಒಟ್ಟು ಸುಮಾರು 500 ಕಿಲೋಮೀಟರು.

ಮಳೆಗಾಲದಲ್ಲಿ ಈ ಪ್ಲಾನೇ ಬೇಡ. 2019ರ ಆಗಸ್ಟಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿತ್ತು, ಕುಸೀದಿದ್ರೂ ಮಂಜಲ್ಲಿ ಮುಂದಿನ ಗಾಡಿ ಲೈಟೇ ಕಾಣಲ್ಲ. ನವೆಂಬರ್ ಚೆಂದ, ಹಸಿರೂ ಇರುತ್ತೆ ರೋಡೂ ಒಣಗಿರುತ್ತೆ.

ಹಿಂದಿನ ದಿನವೇ ಬೈಕ್ ನೋಡ್ಕೊಳ್ಳಿ. ಟೈರ್ ತಣ್ಣಗಿದ್ದಾಗ ಗಾಳಿ ಚೆಕ್ ಮಾಡಿ, ಓಡಿಸಿ ಬಿಸಿಯಾದ್ಮೇಲೆ ನೋಡಿದ್ರೆ ಮೀಟರ್ ಜಾಸ್ತಿ ತೋರಿಸುತ್ತೆ. ಬ್ರೇಕ್ ಪ್ಯಾಡ್ ಸವೆದಿದ್ಯಾ, ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷ ಆಯ್ತಾ ಅಂತ ಮೆಕ್ಯಾನಿಕ್ ಹತ್ರ ಕೇಳಿ. ಆ ಆಯಿಲ್ ಗಾಳಿಲಿರೋ ನೀರು ಕುಡಿಯುತ್ತೆ, ನೀರು ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತೆ, ಕುದ್ದ ಮೇಲೆ ಬ್ರೇಕ್ ಹಿಡಿಯಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಹೊರಡಿ. ತಟ್ಟೆ ಇಡ್ಲಿ ತಿಂದು ಹೋಗೋಣ ಅಂತ ಕ್ಯಾತ್ಸಂದ್ರಕ್ಕೆ ಉಲ್ಟಾ ಹೋದ್ರೆ ಮುಗೀತು ಕಥೆ, ಅಲ್ಲೇ ಒಂದು ಗಂಟೆ ಹೋಗುತ್ತೆ. ಅರಸೀಕೆರೆ ತನಕ ಬಯಲು, ತೆಂಗಿನ ತೋಟ, ಹೇಳೋಕೇನಿಲ್ಲ. ಹಳೇಬೀಡಲ್ಲಿ ಒಂದು ಟೀ ಸಾಕು, ದೇವಸ್ಥಾನಕ್ಕೆ ಇನ್ನೊಂದು ದಿನ ಬನ್ನಿ. ಮೂಡಿಗೆರೇಲಿ ಟ್ಯಾಂಕ್ ತುಂಬಿಸಿ, ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನಿ, ಮನೆಗೊಂದು ಫೋನ್ ಮಾಡ್ಬಿಡಿ, ಘಾಟೀಲಿ ನೆಟ್‌ವರ್ಕ್ ನಂಬೋಹಂಗಿಲ್ಲ.

ಇನ್ನು ಇಳಿಯೋದು. ಎಲ್ರೂ ಹತ್ತೋದೇ ಕಷ್ಟ ಅಂದ್ಕೊಂಡಿರ್ತಾರೆ, ನಾನೂ ಅಂದ್ಕೊಂಡಿದ್ದೆ. ಮೊದಲ ಸಲ ತಮ್ಮನ್ನ ಹಿಂದೆ ಕೂರಿಸ್ಕೊಂಡು ನಾಲ್ಕನೇ ಗೇರಲ್ಲೇ ಹಿಂದಿನ ಬ್ರೇಕ್ ತುಳ್ಕೊಂಡು ಇಳೀತಿದ್ದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಬೇರೆ ಯಾರ್ದೋ ಗಾಡಿದು ಅಂತ ಸುಮ್ನಾದೆ, ಮುಂದಿನ ತಿರುವಲ್ಲಿ ಪೆಡಲ್ ತುಳಿದ್ರೆ ಒದ್ದೆ ಸ್ಪಂಜ್ ತುಳಿದಂಗೆ ಮೆತ್ತಗೆ ಒಳಗೆ ಹೋಯ್ತು. ಮುಂದಿನ ಬ್ರೇಕಲ್ಲಿ ಹೆಂಗೋ ನಿಲ್ಲಿಸಿ ತಡೆಗೋಡೆ ಪಕ್ಕ ಅರ್ಧ ಗಂಟೆ ಕೂತ್ವಿ. ಡಿಸ್ಕ್ ಮೇಲೆ ತಮ್ಮ ಎರಡು ಹನಿ ನೀರು ಚಿಮುಕಿಸಿದ, ಚುಂಯ್ ಅಂತು. ಅಲ್ಲೇ ನಿಂತಿದ್ದ ಜೀಪ್ ಡ್ರೈವರ್ ಒಬ್ರು ನಗ್ತಾ, 'ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು ಕಣಪ್ಪಾ' ಅಂದ್ರು.

ಅಷ್ಟೇ ವಿಷ್ಯ. ಎರಡು ಇಲ್ಲಾ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಡಿ, ಇಂಜಿನ್ನೇ ಗಾಡಿನ ಎಳೆದು ಹಿಡಿಯುತ್ತೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಸೇರಿಸಿ ಹಿಡಿದು ಸ್ಪೀಡ್ ಇಳಿಸಿ ಬಿಟ್ಬಿಡಿ, ತಿರುವಿನೊಳಗೆ ಹಿಡೀಬೇಡಿ. ಪೆಟ್ರೋಲ್ ಉಳಿಸೋಕೆ ಇಂಜಿನ್ ಆಫ್ ಮಾಡಿ ನ್ಯೂಟ್ರಲಲ್ಲಿ ಜಾರೋ ಬುದ್ಧಿವಂತರು ಇನ್ನೂ ಇದ್ದಾರೆ, ಅವರ ಜೊತೆ ಹೋಗ್ಬೇಡಿ. ಹೇರ್‌ಪಿನ್‌ಗೆ ಮುಂಚೆ ಹಾರ್ನ್ ಹೊಡೀರಿ, ಬಸ್ಸು ತಿರುಗೋಕೆ ಪೂರ್ತಿ ರೋಡು ಬೇಕು. ಎದುರಿಂದ ಹತ್ತಿ ಬರೋ ಗಾಡಿಗೆ ಮೊದಲು ದಾರಿ, ಇದು ಕಾನೂನಲ್ಲೇ ಇರೋದು. ಗುಡ್ಡದ ಪಕ್ಕ ನೆರಳಲ್ಲಿ ಪಾಚಿ ಇರುತ್ತೆ, ಹುಷಾರು. ಮಂಗಗಳಿಗೆ ಬಿಸ್ಕತ್ ಹಾಕ್ಬೇಡಿ, ಆಸೆಗೆ ರೋಡ್ ಮಧ್ಯೆನೇ ಕೂರ್ತಾವೆ.

ಉಜಿರೆ, ಧರ್ಮಸ್ಥಳ, ಕೊಕ್ಕಡ ಮೇಲೆ ಗುಂಡ್ಯಕ್ಕೆ ಬಂದ್ರೆ ಶಿರಾಡಿ ಶುರು. ಇಲ್ಲಿ ತಿರುವಿಗಿಂತ ಟ್ಯಾಂಕರ್, ಲಾರಿ ಕಾಟ. ಮುಂದೆ ಪೂರ್ತಿ ಕಾಣೋತನಕ ಓವರ್‌ಟೇಕ್ ಬೇಡ, ಹೊಗೆ ಕುಡ್ಕೊಂಡೇ ಹಿಂದೆ ಬನ್ನಿ. ಮೂರು ಗಂಟೆಯೊಳಗೆ ಸಕಲೇಶಪುರ ಸೇರಿದ್ರೆ ಟೈಮ್ ಸರಿ. ಮೈಯಲ್ಲಿ ಕಸುವಿದ್ರೆ ಅದಕ್ಕೆ ಮುಂಚೆನೇ ಸಿಗೋ ಮಂಜರಾಬಾದ್ ಕೋಟೆ ಹತ್ತಿ, 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ್ದು. ಸೊಂಟ ಹಿಡ್ಕೊಂಡಿದ್ರೆ ಬಿಡಿ.

ಆಮೇಲೆ ಹಾಸನ, ಅರಸೀಕೆರೆ, ತಿಪಟೂರು. ಮನೆಗೆ ಬಂದ ತಕ್ಷಣ ಚೈನ್ ಬಿಸಿ ಇರುವಾಗ್ಲೇ ಲ್ಯೂಬ್ ಹೊಡೀರಿ, ಬಿಸಿಗೆ ಸಂದುಗೊಂದಿಗೂ ಇಳಿಯುತ್ತೆ. ಬೆಳಿಗ್ಗೆ ಹಾಕಿದ್ರಾಯ್ತು ಅಂತ ಮಲಗಿದ್ರೆ ಸೋಮವಾರ ಆಫೀಸಿಗೆ ಹಂಗೇ ಕಿರ್ ಕಿರ್ ಅಂತ ಹೋಗ್ತೀರ.